ನೂರು ವೆಬ್‌ಸೈಟಿನ ಬೀಗ ಒಂದೇ ಸಲ ನೋಡೋ ಟೂಲ್: ನಮ್ಮ ತಿಪಟೂರು ಪೇಟೆಗೆ ಇದು ಯಾಕೆ ಬೇಕು?

ತಿಪಟೂರು: ನಮ್ಮ ಊರಿನ ಒಬ್ಬ ಕೊಬ್ಬರಿ ವ್ಯಾಪಾರಿ. ಹೆಸರು ಬೇಡ ಅಂದಿದ್ದಾರೆ, ಹಾಕಲ್ಲ. ಉತ್ತರ ಭಾರತದ ಒಂದು ಪಾರ್ಟಿಗೆ ಇವರ ಮಾಲು ಅಪ್ಪನ ಕಾಲದಿಂದ ಹೋಗ್ತಾ ಇದೆ. ಮೊನ್ನೆ ಆ ಪಾರ್ಟಿಗೆ ಒಂದು ಇ-ಮೇಲ್ ಬಂತು. ಕಳಿಸಿದವರ ಜಾಗದಲ್ಲಿ ನಮ್ಮ ವ್ಯಾಪಾರಿಯದೇ ವಿಳಾಸ, ಒಂದಕ್ಷರ ಹೆಚ್ಚುಕಮ್ಮಿ ಇಲ್ಲ. ಕೆಳಗೆ ಅಂಗಡಿ ಹೆಸರು, ಫೋನ್ ನಂಬರ್, ಗಣೇಶನ ಲೋಗೋ ಎಲ್ಲಾ ಸರಿಯಾಗಿದೆ. ಒಳಗೆ ಎರಡೇ ಸಾಲು: ನಮ್ಮ ಬ್ಯಾಂಕ್ ಅಕೌಂಟ್ ಬದಲಾಗಿದೆ, ಮುಂದಿನ ಲೋಡಿನ ಅಡ್ವಾನ್ಸ್ ಈ ಅಕೌಂಟಿಗೆ ಹಾಕಿ.

ಪಾರ್ಟಿ ಹಾಕಿಬಿಟ್ಟರು. ಲಾರಿ ಯಾವಾಗ ಬಿಡ್ತೀರಿ ಅಂತ ಕೇಳೋಕೆ ಫೋನ್ ಮಾಡಿದಾಗಲೇ ಇಬ್ಬರಿಗೂ ಗೊತ್ತಾಗಿದ್ದು.

1930ಕ್ಕೆ ಫೋನ್ ಆಯ್ತು, ಆನ್‌ಲೈನಲ್ಲಿ ಕಂಪ್ಲೇಂಟ್ ಆಯ್ತು. ದುಡ್ಡು ಬರುತ್ತೋ ಇಲ್ವೋ ಅದು ಬೇರೆ ಮಾತು. ಈಗ ಜಗಳ ಏನಂದ್ರೆ, ನಷ್ಟ ಯಾರದ್ದು? ಪಾರ್ಟಿ ಹೇಳೋದು, "ನಿಮ್ಮ ಮೇಲ್‌ನಿಂದ ಬಂದಿದೆ, ನಾನು ನಂಬಿ ಹಾಕಿದ್ದೀನಿ." ನಮ್ಮ ವ್ಯಾಪಾರಿ ಹೇಳೋದು, "ನಾನು ಕಳಿಸೇ ಇಲ್ಲ." ಇಬ್ಬರ ಮಾತೂ ನಿಜ. ಸಮಸ್ಯೆ ಇರೋದೇ ಅಲ್ಲಿ.

ವ್ಯಾಪಾರಿ ನನ್ನನ್ನ ಕರೆದು, "ನನ್ನ ಮೇಲ್ ಹ್ಯಾಕ್ ಆಗಿದೆಯಾ ನೋಡಪ್ಪ" ಅಂದ್ರು. ನಾನು ಬಿಸಿಎ ಎರಡನೇ ವರ್ಷಕ್ಕೇ ಬಿಟ್ಟವನು, ದೊಡ್ಡ ಪಂಡಿತ ಏನಲ್ಲ. ಆದರೂ ಅವರ ಡೊಮೈನ್ ಹೆಸರನ್ನ ಒಂದು ಉಚಿತ ಪರೀಕ್ಷೆಗೆ ಹಾಕಿ ನೋಡಿದೆ. ಒಂದೆರಡು ನಿಮಿಷದಲ್ಲಿ ಉತ್ತರ ಬಂತು. ಹ್ಯಾಕ್ ಆಗಿದೆ ಅನ್ನೋಕೆ ಗುರುತು ಏನೂ ಕಾಣಲಿಲ್ಲ. ಆದರೆ ಅವರ ಹೆಸರಲ್ಲಿ ಯಾರು ಬೇಕಾದರೂ ಮೇಲ್ ಕಳಿಸಬಹುದಾದ ಹಾಗೆ ಬಾಗಿಲು ತೆಗೆದೇ ಇತ್ತು. ಸೈಟ್ ಮಾಡಿಸಿದ ದಿನದಿಂದ ಹಾಗೇ ಇತ್ತು ಅನ್ಸುತ್ತೆ. ಯಾರೂ ನೋಡಿರಲಿಲ್ಲ, ಅಷ್ಟೇ.

ಲೆಟರ್‌ಹೆಡ್ ಯಾರು ಬೇಕಾದ್ರೂ ಪ್ರಿಂಟ್ ಹಾಕಿಸಬಹುದು

ಇದನ್ನ ಅಂಗಡಿ ಲೆಕ್ಕದಲ್ಲಿ ಹೇಳ್ತೀನಿ. ನಿಮ್ಮ ಅಂಗಡಿ ಲೆಟರ್‌ಹೆಡ್ ನೋಡಿ ಅದೇ ಥರ ಇನ್ನೊಂದನ್ನ ಯಾವ ಡಿಟಿಪಿ ಅಂಗಡಿಯಲ್ಲಾದರೂ ಮಾಡಿಸಬಹುದು. ಇ-ಮೇಲ್‌ನಲ್ಲಿ ಕಾಣೋ 'ಕಳಿಸಿದವರು' ಅನ್ನೋದೂ ಬರೀ ಲೆಟರ್‌ಹೆಡ್. ಅದನ್ನ ತಡೆಯೋಕೆ ಮೂರು ಏರ್ಪಾಡು ಇದೆ. ಎಸ್‌ಪಿಎಫ್ ಅಂದ್ರೆ ನನ್ನ ಪತ್ರ ತರೋ ಅಂಚೆಯವರು ಇಂಥವರೇ ಅನ್ನೋ ಪಟ್ಟಿ. ಡಿಕಿಮ್ ಅಂದ್ರೆ ಪತ್ರದ ಮೇಲೆ ಒತ್ತೋ ಅರಗಿನ ಮುದ್ರೆ. ಮೂರನೇದು ಡಿಮಾರ್ಕ್. ಪಟ್ಟಿ, ಮುದ್ರೆ ಎರಡೂ ಲೆಟರ್‌ಹೆಡ್ಡಿನ ಹೆಸರಿಗೆ ಹೊಂದಲಿಲ್ಲ ಅಂದ್ರೆ ಆ ಪತ್ರವನ್ನ ಏನು ಮಾಡಬೇಕು ಅಂತ ನೀವು ಮೊದಲೇ ಬರೆದಿಟ್ಟ ಆದೇಶ: ಸುಮ್ಮನೆ ಬಿಡಿ, ಸ್ಪ್ಯಾಮಿಗೆ ಹಾಕಿ, ಅಥವಾ ಬಾಗಿಲಲ್ಲೇ ವಾಪಸ್ ಕಳಿಸಿ.

ನಮ್ಮ ವ್ಯಾಪಾರಿಗೆ ಎಸ್‌ಪಿಎಫ್ ಇತ್ತು. ಹೋಸ್ಟಿಂಗ್ ಕಂಪನಿಯವರು ತಾವೇ ಹಾಕಿದ್ದರು. ಹಾಗಾದರೆ ಮೇಲ್ ಹೇಗೆ ನುಗ್ಗಿತು? ಎಸ್‌ಪಿಎಫ್ ನೋಡೋದು ಕವರಿನ ಹಿಂದೆ ಬರೆದ ವಿಳಾಸವನ್ನ, ಒಳಗಿನ ಲೆಟರ್‌ಹೆಡ್ಡನ್ನಲ್ಲ. ಕವರಿನ ಹಿಂದೆ ಕಳ್ಳ ತನ್ನ ಡೊಮೈನ್ ಬರೀತಾನೆ, ಒಳಗೆ ನಿಮ್ಮ ಲೆಟರ್‌ಹೆಡ್ ಇಡ್ತಾನೆ. ಓದೋರ ಕಣ್ಣಿಗೆ ಬೀಳೋದು ಒಳಗಿನದು ಮಾತ್ರ. ಇವೆರಡೂ ಒಂದೇ ಹೆಸರಾಗಿರಬೇಕು ಅಂತ ಹೇಳೋದೇ ಡಿಮಾರ್ಕ್. ಅದು ಅವರಿಗೆ ಇರಲಿಲ್ಲ. ಅದನ್ನ ಹಾಕೋಕೆ ದುಡ್ಡು ಬೇಡ, ಡೊಮೈನ್ ಸೆಟ್ಟಿಂಗ್ಸ್‌ನಲ್ಲಿ ಒಂದು ಸಾಲು ಬರೀಬೇಕು ಅಷ್ಟೇ.

ಒಬ್ಬ ಹುಡುಗ, ಎಷ್ಟೊಂದು ವೆಬ್‌ಸೈಟು

ಹಾಗಾದ್ರೆ ಆ ಸಾಲನ್ನ ಯಾರು ಬರೀಬೇಕಿತ್ತು? ನಮ್ಮ ಕಡೆ ವೆಬ್‌ಸೈಟ್ ವ್ಯವಹಾರ ಹೇಗೆ ನಡೆಯುತ್ತೆ ಅಂತ ನಿಮಗೆ ಗೊತ್ತು. ಊರಿಗೆ ಇಬ್ಬರೋ ಮೂವರೋ ಹುಡುಗರು. ಬಟ್ಟೆ ಅಂಗಡಿ, ಕಲ್ಯಾಣ ಮಂಟಪ, ನರ್ಸಿಂಗ್ ಹೋಂ, ಖಾಸಗಿ ಶಾಲೆ, ಪತ್ತಿನ ಸಹಕಾರ ಸಂಘ, ದೇವಸ್ಥಾನ ಟ್ರಸ್ಟ್, ಎಲ್ಲದರ ಸೈಟೂ ಇವರ ಕೈಯಲ್ಲೇ. ಎಲ್ಲಾ ಸೈಟೂ ಒಂದೇ ಹೋಸ್ಟಿಂಗ್ ಅಕೌಂಟಿನಲ್ಲಿ. ವರ್ಷಕ್ಕೊಮ್ಮೆ ರೆನ್ಯೂವಲ್ ದುಡ್ಡು ಕೇಳೋಕೆ ಬರ್ತಾರೆ, ಅದನ್ನೂ ಕೆಲವರು "ಮುಂದಿನ ವಾರ ಬಾ" ಅಂತ ಕಳಿಸ್ತಾರೆ. ಹುಡುಗರನ್ನ ಬೈಯೋದು ಸುಲಭ. ಸೆಕ್ಯೂರಿಟಿ ನೋಡೋಕೆ ಅಂತ ಅವರಿಗೆ ಯಾರೂ ಒಂದು ಪೈಸೆ ಕೊಟ್ಟಿಲ್ಲ ಅನ್ನೋದೂ ನಿಜ.

ಅಷ್ಟೊಂದು ಸೈಟನ್ನ ಒಂದೊಂದಾಗಿ ತೆಗೆದು ನೋಡ್ತಾ ಕೂತ್ರೆ ದಿನ ಸಾಕಾಗಲ್ಲ. ಅದಕ್ಕೇ ಇರೋದು ಸಾಲುಸಾಲಾಗಿ ಪರೀಕ್ಷೆ ಮಾಡೋ ಟೂಲ್‌ಗಳು. ಡೊಮೈನ್ ಹೆಸರುಗಳ ಪಟ್ಟಿ ಕೊಟ್ಟರೆ ಸಾಕು, ಒಂದೊಂದರ ಬಾಗಿಲಿಗೂ ಅದೇ ಹೋಗಿ ಬರುತ್ತೆ. ಸರ್ಟಿಫಿಕೇಟ್ ಇದೆಯಾ, ಯಾವತ್ತು ಮುಗಿಯುತ್ತೆ, ಎಚ್‌ಟಿಟಿಪಿಎಸ್ ಕಡ್ಡಾಯ ಮಾಡಿದ್ದಾರಾ, ಹಳೇ ದುರ್ಬಲ ಸಂಕೇತ ಪದ್ಧತಿ ಇನ್ನೂ ನಡೀತಿದೆಯಾ, ಮೇಲ್‌ಗೆ ಆ ಮೂರು ಏರ್ಪಾಡು ಇದೆಯಾ ಅಂತ ನೋಡಿ ಕೆಂಪು-ಹಸಿರು ಗುರುತು ಹಾಕಿ ಪಟ್ಟಿ ವಾಪಸ್ ಕೊಡುತ್ತೆ. ಹಿಂದೆ ರಾತ್ರಿ ಬೀಟ್ ಪೊಲೀಸರು ಬಿ.ಎಚ್. ರಸ್ತೆ ಉದ್ದಕ್ಕೂ ಟಾರ್ಚ್ ಬಿಟ್ಟು ಒಂದೊಂದು ಶಟರ್ ನೋಡ್ಕೊಂಡು ಹೋಗ್ತಿದ್ದರಲ್ಲ, ಅದೇ ಕೆಲಸ.

ಹಾಲೆಂಡಿನವರು ಮಾಡಿದ್ದು

ಈ ಕೆಲಸವನ್ನ ಊರಿಗೆಲ್ಲಾ ಕಾಣೋ ಹಾಗೆ ಮಾಡಿದವರಲ್ಲಿ ನೆದರ್‌ಲೆಂಡ್ಸ್‌ನವರು ಮುಂದೆ. ಅಲ್ಲಿ ಸರ್ಕಾರ ಮತ್ತು ಇಂಟರ್‌ನೆಟ್ ಸಂಸ್ಥೆಗಳು ಸೇರಿ 2015ರಲ್ಲಿ 'ಇಂಟರ್‌ನೆಟ್ ಡಾಟ್ ಎನ್‌ಎಲ್' ಅಂತ ಒಂದು ಪರೀಕ್ಷಾ ತಾಣ ಶುರು ಮಾಡಿದರು. ಯಾರು ಬೇಕಾದರೂ, ಯಾವ ದೇಶದವರಾದರೂ, ಒಂದು ಡೊಮೈನ್ ಹೆಸರು ಹೊಡೆದರೆ ನೂರಕ್ಕೆ ಎಷ್ಟು ಅಂಕ ಅಂತ ಹೇಳುತ್ತೆ. ನೂರಕ್ಕೆ ನೂರು ಬಂದವರ ಹೆಸರನ್ನ ಗೌರವ ಪಟ್ಟಿಯಲ್ಲಿ ಹಾಕ್ತಾರೆ, ನಮ್ಮ ಹೈಸ್ಕೂಲ್ ಬೋರ್ಡಿನ ಥರ. ದೊಡ್ಡ ಪಟ್ಟಿಯನ್ನ ಒಟ್ಟಿಗೆ ಪರೀಕ್ಷೆ ಮಾಡೋಕೆ ಬೇರೆ ಡ್ಯಾಶ್‌ಬೋರ್ಡ್ ಇದೆ, ಅದಕ್ಕೆ ಖಾತೆ ಬೇಕು. ಟೂಲಿನ ಕೋಡ್ ಕೂಡ ಬಹಿರಂಗ. ಅದನ್ನೇ ತಗೊಂಡು ಡೆನ್ಮಾರ್ಕ್, ಬ್ರೆಜಿಲ್, ಆಸ್ಟ್ರೇಲಿಯಾದವರು ತಮ್ಮ ತಮ್ಮ ತಾಣ ಮಾಡ್ಕೊಂಡರು.

ಅಲ್ಲಿನ ಸರ್ಕಾರ ತನ್ನ ಇಲಾಖೆಗಳ ಡೊಮೈನ್ ಪಟ್ಟಿಯನ್ನ ಇದೇ ಟೂಲಿಗೆ ಹಾಕಿ ವರ್ಷಕ್ಕೆ ಎರಡು ಸಲ ಅಳೆದು ವರದಿ ಹೊರಗೆ ಬಿಡುತ್ತೆ. ನಿಯಮ ಸರಳ: ಪಾಲಿಸು, ಇಲ್ಲ ಅಂದ್ರೆ ಯಾಕಿಲ್ಲ ಅಂತ ಹೇಳು. 2023ರ ಜುಲೈ 1ರಿಂದ ಸರ್ಕಾರಿ ಸೈಟಿಗೆ ಎಚ್‌ಟಿಟಿಪಿಎಸ್ ಕಾನೂನಿನಲ್ಲೇ ಕಡ್ಡಾಯ ಆಯ್ತು. ಇದರ ಜೊತೆಗೆ ಇನ್ನೊಂದು ಸ್ವಯಂಸೇವಕರ ಗುಂಪು ದೇಶದ ನಕ್ಷೆ ಹಾಕಿ, ಒಂದೊಂದು ಮುನಿಸಿಪಾಲಿಟಿಗೂ ಕೆಂಪು, ಕಿತ್ತಳೆ, ಹಸಿರು ಬಣ್ಣ ಬಳಿದು ಜನರ ಮುಂದೆ ಇಟ್ಟಿತು. ಪಕ್ಕದ ಊರು ಹಸಿರು, ನಮ್ಮ ಊರು ಕೆಂಪು ಅಂತ ಕಂಡರೆ ಕೌನ್ಸಿಲ್ ಮೀಟಿಂಗಲ್ಲಿ ಯಾರಾದರೂ ಎದ್ದು ಕೇಳೇ ಕೇಳ್ತಾರೆ. ತುಮಕೂರು ಜಿಲ್ಲೆಗೆ ಇಂಥ ನಕ್ಷೆ ಹಾಕಿದರೆ ಹತ್ತು ತಾಲೂಕು ಯಾವ ಬಣ್ಣದಲ್ಲಿ ಇರ್ತಾವೋ, ನಾನು ಊಹೆ ಮಾಡೋಕೆ ಹೋಗಲ್ಲ.

ಅಮೆರಿಕದವರೂ ಇದನ್ನೇ ಮಾಡಿದರು. 2015ರ ಜೂನ್‌ನಲ್ಲಿ ಆದೇಶ ಹೊರಡಿಸಿ, ಕೇಂದ್ರ ಸರ್ಕಾರದ ಎಲ್ಲಾ ಸೈಟೂ 2016ರ ಕೊನೆಯೊಳಗೆ ಎಚ್‌ಟಿಟಿಪಿಎಸ್ ಆಗಬೇಕು ಅಂದರು. ಡೊಮೈನ್ ಪಟ್ಟಿ ಕೊಟ್ಟರೆ ಸಾಲಾಗಿ ನೋಡೋ ಟೂಲನ್ನ ಸರ್ಕಾರಿ ಇಂಜಿನಿಯರ್‌ಗಳೇ ಬರೆದರು, ಅದರ ಫಲಿತಾಂಶವನ್ನ 'ಪಲ್ಸ್' ಅನ್ನೋ ಬಹಿರಂಗ ಪುಟದಲ್ಲಿ ಹಾಕಿದರು. 2017ರ ಅಕ್ಟೋಬರ್‌ನಲ್ಲಿ ಇನ್ನೊಂದು ಆದೇಶ: ಒಂದು ವರ್ಷದಲ್ಲಿ ಎಲ್ಲಾ ಇಲಾಖೆಯ ಡೊಮೈನಿಗೂ ಡಿಮಾರ್ಕ್ ಹಾಕಿ, ಅದೂ 'ವಾಪಸ್ ಕಳಿಸಿ' ಮಟ್ಟಕ್ಕೇ ಹಾಕಿ ಅಂತ. ನಮ್ಮ ಕೊಬ್ಬರಿ ವ್ಯಾಪಾರಿಗೆ ಇಲ್ಲದೇ ಹೋದದ್ದು ಅದೇ.

ಆದರೆ ಟೂಲ್ ಇದ್ದರೂ ಮನುಷ್ಯ ಬೇಕು ಅನ್ನೋದನ್ನೂ ಅವರೇ ತೋರಿಸಿಕೊಟ್ಟರು. 2018ರ ಡಿಸೆಂಬರ್ ಕೊನೆಯಿಂದ 2019ರ ಜನವರಿವರೆಗೆ 35 ದಿನ ಅಲ್ಲಿ ಸರ್ಕಾರಿ ಕಚೇರಿಗಳು ಬಜೆಟ್ ಜಗಳದಲ್ಲಿ ಬಂದ್ ಆದವು. ನೌಕರರು ಮನೆಯಲ್ಲಿ. ಅಷ್ಟರಲ್ಲಿ 80ಕ್ಕೂ ಹೆಚ್ಚು ಸರ್ಟಿಫಿಕೇಟ್‌ಗಳ ಅವಧಿ ಮುಗಿದು ಹೋಯ್ತು, ನವೀಕರಿಸೋಕೆ ಯಾರೂ ಇಲ್ಲ. ಕೆಲವು ಸೈಟಿಗೆ ಜನ ಹೋಗೋಕೇ ಆಗಲಿಲ್ಲ. ಅಂಥ ದೇಶದಲ್ಲೇ ಹೀಗಾದ್ರೆ, ಮದುವೆ ಸೀಸನ್‌ನಲ್ಲಿ ನಮ್ಮ ವೆಬ್‌ಸೈಟ್ ಹುಡುಗ ವಿಡಿಯೋ ಶೂಟಿಂಗ್‌ಗೆ ಹೋದಾಗ ಏನಾಗುತ್ತೆ ಅಂತ ಲೆಕ್ಕ ಹಾಕಿ.

ಈಗಲೇ ಯಾಕೆ ಈ ಮಾತು?

ಸರ್ಟಿಫಿಕೇಟಿನ ಆಯುಸ್ಸು ಕಡಿಮೆ ಆಗ್ತಾ ಇದೆ, ಅದಕ್ಕೆ. ಸೈಟಿನ ಸರ್ಟಿಫಿಕೇಟ್ ಅನ್ನೋದು ಒಂಥರ ತೂಕದ ಕಲ್ಲಿಗೆ ಮಾಪನ ಇಲಾಖೆ ಹೊಡೆಯೋ ಮುದ್ರೆ ಇದ್ದ ಹಾಗೆ, ಅವಧಿ ಮುಗಿದರೆ ಮತ್ತೆ ಹೊಡೆಸಬೇಕು. ಮೊದಲು ಗರಿಷ್ಠ 398 ದಿನ ಇತ್ತು, ಅಂದ್ರೆ ವರ್ಷಕ್ಕೊಂದು ಸಲ ನೋಡಿದರೆ ನಡೀತಿತ್ತು. ಸರ್ಟಿಫಿಕೇಟ್ ಕೊಡೋ ಕಂಪನಿಗಳು ಮತ್ತು ಬ್ರೌಸರ್ ಕಂಪನಿಗಳ ಕೂಟ 2025ರ ಏಪ್ರಿಲ್‌ನಲ್ಲಿ ತೀರ್ಮಾನ ಮಾಡಿದ ಪ್ರಕಾರ, 2026ರ ಮಾರ್ಚ್ 15ರಿಂದ ಹೊಸದಾಗಿ ಕೊಡೋದಕ್ಕೆ 200 ದಿನ, 2027ರ ಮಾರ್ಚ್ 15ರಿಂದ 100 ದಿನ, 2029ರ ಮಾರ್ಚ್ 15ರಿಂದ ಬರೀ 47 ದಿನ. ಕದ್ದ ಕೀಲಿ ಕೈಯಲ್ಲಿಟ್ಟುಕೊಂಡು ಕಳ್ಳ ಹೆಚ್ಚು ದಿನ ಓಡಾಡಬಾರದು ಅನ್ನೋದು ಇದರ ಹಿಂದಿನ ಕಾರಣ. ಕಾರಣ ಸರಿಯಾಗೇ ಇದೆ. ಆದರೆ ದುಡ್ಡು ಕೊಟ್ಟು ಸರ್ಟಿಫಿಕೇಟ್ ತಗೊಂಡು ಕೈಯಲ್ಲೇ ಹಾಕೋ ಹುಡುಗರಿಗೆ ಇದು ವರ್ಷಕ್ಕೆ ಎಂಟು ಸಲದ ಕೆಲಸ ಆಗುತ್ತೆ, ಅದೂ ಒಂದೊಂದು ಸೈಟಿಗೂ.

ಉಚಿತವಾಗಿ ಸಿಗೋ 'ಲೆಟ್ಸ್ ಎನ್‌ಕ್ರಿಪ್ಟ್' ಸರ್ಟಿಫಿಕೇಟ್ ಬಳಸೋರಿಗೆ 90 ದಿನದ ಅಭ್ಯಾಸ ಮೊದಲಿಂದಲೂ ಇದೆ, ಅದು ತಾನಾಗೇ ನವೀಕರಣ ಆಗೋ ಹಾಗೆ ಕೂರಿಸಿರ್ತಾರೆ. ತಾನಾಗೇ ಆಗೋದು ಒಂದು ದಿನ ನಿಂತುಹೋದರೆ? ಮೊದಲೆಲ್ಲಾ "ನಿಮ್ಮ ಸರ್ಟಿಫಿಕೇಟ್ ಮುಗೀತಾ ಇದೆ" ಅಂತ ಅವರಿಂದ ಮೇಲ್ ಬರ್ತಿತ್ತು. 2025ರ ಜೂನ್ 4ರಿಂದ ಆ ಮೇಲ್ ಕಳಿಸೋದನ್ನ ಅವರು ನಿಲ್ಲಿಸಿದ್ದಾರೆ. ಇದು ನಮ್ಮ ಊರಿನಲ್ಲಿ ಎಷ್ಟು ಜನಕ್ಕೆ ಗೊತ್ತು? ನಾನು ಕೇಳಿದ ಇಬ್ಬರು ಡಿಸೈನರ್‌ಗಳಲ್ಲಿ ಒಬ್ಬನಿಗೆ ಗೊತ್ತಿರಲಿಲ್ಲ. "ಮೇಲ್ ಬಂದಿಲ್ಲ ಅಂದ್ರೆ ಎಲ್ಲಾ ಸರಿ ಇದೆ ಅಂದ್ಕೊಂಡಿದ್ದೆ ಗುರು" ಅಂದ.

ಅವಧಿ ಮುಗಿದ ಸೈಟಿಗೆ ಗಿರಾಕಿ ಹೋದರೆ ಬ್ರೌಸರ್ ಪೂರ್ತಿ ಪರದೆಗೆ ಎಚ್ಚರಿಕೆ ತೋರಿಸುತ್ತೆ, ಇಲ್ಲಿ ನಿಮ್ಮ ಮಾಹಿತಿ ಕದಿಯಬಹುದು ಅಂತ. ಕಲ್ಯಾಣ ಮಂಟಪದ ತಾರೀಕು ನೋಡೋಕೆ ಬೆಂಗಳೂರಿನಿಂದ ಬಂದ ಗಿರಾಕಿ ಅದನ್ನ ನೋಡಿ ಫೋನ್ ಕೂಡ ಮಾಡಲ್ಲ, ಪಕ್ಕದ ಮಂಟಪಕ್ಕೆ ಹೋಗ್ತಾನೆ. ಮಾಲೀಕರಿಗೆ ಗೊತ್ತೇ ಆಗಲ್ಲ.

ಬೀಗದ ಚಿತ್ರ ನಂಬಬೇಡಿ

ಇಲ್ಲೊಂದು ಮಾತು ಗಿರಾಕಿಗಳಿಗೆ. "ಬೀಗದ ಚಿತ್ರ ಇದ್ದರೆ ಸೈಟ್ ಸೇಫ್" ಅಂತ ಎಷ್ಟೋ ಕಾರ್ಯಕ್ರಮದಲ್ಲಿ ಹೇಳಿಕೊಟ್ಟಿದ್ದಾರೆ. ಆ ಮಾತು ಹಳತಾಯ್ತು. ಬೀಗ ಹೇಳ್ತಿದ್ದದ್ದು ಇಷ್ಟೇ: ನಿಮ್ಮ ಫೋನಿಗೂ ಆ ಸೈಟಿಗೂ ನಡುವೆ ಹೋಗೋ ಮಾಹಿತಿಯನ್ನ ದಾರಿಯಲ್ಲಿ ಯಾರೂ ಓದೋಕಾಗಲ್ಲ. ಆ ಸೈಟು ಒಳ್ಳೆಯವರದ್ದಾ ಕಳ್ಳರದ್ದಾ ಅಂತ ಅದು ಹೇಳಲ್ಲ. ಕಳ್ಳರೂ ಉಚಿತ ಸರ್ಟಿಫಿಕೇಟ್ ಹಾಕ್ಕೋತಾರೆ. ಜನ ತಪ್ಪು ತಿಳ್ಕೋತಾರೆ ಅಂತಲೇ ಗೂಗಲ್‌ನವರು 2023ರ ಸೆಪ್ಟೆಂಬರ್‌ನಲ್ಲಿ ಕ್ರೋಮ್‌ನಿಂದ ಬೀಗದ ಚಿತ್ರ ತೆಗೆದು ಬೇರೆ ಗುರುತು ಹಾಕಿದರು.

ಹಾಗಾಗಿ ಆಡಿಟ್ ಟೂಲ್‌ನಲ್ಲಿ ಹಸಿರು ಬಂದರೂ ಅದು ಬೀಗ ಚೆನ್ನಾಗಿದೆ ಅನ್ನೋದಕ್ಕೆ ಮಾತ್ರ ಸಾಕ್ಷಿ, ಅಂಗಡಿಯವರು ಪ್ರಾಮಾಣಿಕರು ಅನ್ನೋದಕ್ಕಲ್ಲ. ನಕಲಿ ಸೈಟಿಗೂ ನೂರಕ್ಕೆ ನೂರು ಬರಬಹುದು.

ಬ್ಯಾಂಕ್, ಸೌಹಾರ್ದ, ಮತ್ತು ಒಂದು ಹೊಸ ವಿಳಾಸ

ಬ್ಯಾಂಕ್ ವಿಷಯದಲ್ಲಿ ಮಾತ್ರ ರಿಸರ್ವ್ ಬ್ಯಾಂಕ್ ಬೇರೆ ದಾರಿ ಹಿಡಿದಿದೆ. ಎಲ್ಲಾ ಬ್ಯಾಂಕ್‌ಗಳೂ 'ಡಾಟ್ ಬ್ಯಾಂಕ್ ಡಾಟ್ ಇನ್' ಅಂತ ಕೊನೆಯಾಗೋ ವಿಳಾಸಕ್ಕೆ ಬದಲಾಗಬೇಕು ಅಂತ 2025ರ ಏಪ್ರಿಲ್‌ನಲ್ಲಿ ಸುತ್ತೋಲೆ ಹೊರಡಿಸಿತು, ಅಕ್ಟೋಬರ್ 31 ಕೊನೇ ದಿನ ಅಂತ ಇಟ್ಟಿತು. ಪಟ್ಟಣ ಸಹಕಾರ ಬ್ಯಾಂಕ್, ಡಿಸಿಸಿ ಬ್ಯಾಂಕ್‌ಗಳಿಗೂ ಇದು ಅನ್ವಯ. ಈ ವಿಳಾಸವನ್ನ ಅಂಗಡಿಯಲ್ಲಿ ಕೊಂಡ ಹಾಗೆ ಯಾರು ಬೇಕಾದರೂ ಕೊಳ್ಳೋಕಾಗಲ್ಲ. ಹೈದರಾಬಾದಿನ ಐಡಿಆರ್‌ಬಿಟಿ ಒಂದೇ ಅದನ್ನ ಕೊಡೋದು, ಅದೂ ಬ್ಯಾಂಕ್‌ಗಳಿಗೆ ಮಾತ್ರ. ಅಂದ್ರೆ ಎಸ್‌ಬಿಐ ಅಂತ ಮೆಸೇಜ್ ಬಂದು ಒಳಗಿನ ಲಿಂಕ್ 'ಎಸ್‌ಬಿಐ ಡಾಟ್ ಬ್ಯಾಂಕ್ ಡಾಟ್ ಇನ್' ಅಂತ ಕೊನೆಯಾಗದೇ ಇನ್ನೇನೋ ಇದ್ದರೆ ಮುಟ್ಟಬೇಡಿ. ಇದು ಬೀಗದ ಚಿತ್ರಕ್ಕಿಂತ ಎಷ್ಟೋ ಗಟ್ಟಿ ಗುರುತು.

ಆದರೆ ನಮ್ಮ ತಾಲೂಕಿನಲ್ಲಿ ಜನ ದುಡ್ಡಿಡೋದು ಬ್ಯಾಂಕಲ್ಲಿ ಮಾತ್ರ ಅಲ್ಲವಲ್ಲ. ಸೌಹಾರ್ದ ಸಹಕಾರಿಗಳು, ಪತ್ತಿನ ಸಂಘಗಳು ಎಷ್ಟಿವೆ! ಇವು ಕಾನೂನಿನ ಪ್ರಕಾರ ಬ್ಯಾಂಕ್ ಅಲ್ಲ, ಹೆಸರಿನಲ್ಲಿ 'ಬ್ಯಾಂಕ್' ಅಂತ ಹಾಕೋ ಹಾಗೂ ಇಲ್ಲ. ಆದ್ದರಿಂದ ಇವಕ್ಕೆ ಆ ಹೊಸ ವಿಳಾಸ ಸಿಗಲ್ಲ. ಪಿಗ್ಮಿ ಕಟ್ಟೋರು, ಠೇವಣಿ ಇಟ್ಟೋರು ಇವರ ಸೈಟ್ ಅಸಲಿಯಾ ಅಂತ ವಿಳಾಸ ನೋಡಿ ಹೇಳೋಕಾಗಲ್ಲ. ಹಾಗಾಗಿ ಯಾರಿಗಾದರೂ ಈ ಆಡಿಟ್ ಹೆಚ್ಚು ಬೇಕು ಅಂದ್ರೆ ಈ ಸಂಘಗಳಿಗೇ. ಸದಸ್ಯರ ಸಭೆಯಲ್ಲಿ ಲಾಭಾಂಶ ಎಷ್ಟು, ಊಟಕ್ಕೆ ಏನು ಅಂತ ಕೇಳೋ ಜೊತೆಗೆ, ನಮ್ಮ ಸಂಘದ ಡೊಮೈನಿಗೆ ಡಿಮಾರ್ಕ್ ಇದೆಯಾ ಅಂತ ಒಬ್ಬರಾದರೂ ಕೇಳಬೇಕು. ಕಾರ್ಯದರ್ಶಿಗೆ ಉತ್ತರ ಗೊತ್ತಿರಲ್ಲ, ಆದರೆ ಮಾರನೇ ದಿನ ವಿಚಾರಿಸ್ತಾರೆ.

ಡೊಮೈನ್ ಯಾರ ಹೆಸರಲ್ಲಿದೆ?

ಟೂಲ್ ಹಿಡ್ಕೊಂಡು ನಾನು ನಮ್ಮ ಪೇಟೆಯ ಕೆಲವು ಸೈಟ್ ನೋಡ್ತಾ ಹೋದಾಗ ಮನಸ್ಸಿಗೆ ಹೆಚ್ಚು ಕಸಿವಿಸಿ ಆಗಿದ್ದು ಸರ್ಟಿಫಿಕೇಟ್ ವಿಷಯದಲ್ಲಲ್ಲ. ಒಂದು ಖಾಸಗಿ ಶಾಲೆಯ ಹಳೇ ವಿಳಾಸ ತೆಗೆದರೆ ಬೆಟ್ಟಿಂಗ್ ಆಟದ ಜಾಹೀರಾತು ಬಂತು. ಶಾಲೆಯವರು ಆ ವಿಳಾಸ ಬಿಟ್ಟು ಬೇರೆ ಮಾಡಿಸಿದ್ದಾರೆ, ಹಳೇದರ ರೆನ್ಯೂವಲ್ ಕಟ್ಟಿಲ್ಲ. ಬಿಟ್ಟ ಡೊಮೈನನ್ನ ಹುಡುಕಿಕೊಂಡು ಕೊಳ್ಳೋರೇ ಇದ್ದಾರೆ. ಆದರೆ ಶಾಲೆಯ ಹಳೇ ಪ್ರಾಸ್ಪೆಕ್ಟಸ್ ಮೇಲೆ, ಕಾಂಪೌಂಡ್ ಗೋಡೆ ಮೇಲೆ ಈಗಲೂ ಅದೇ ವಿಳಾಸ ಇದೆ. ಮಕ್ಕಳು ಹೊಡೆದು ನೋಡ್ತಾರೆ. ಫೋನ್ ಮಾಡಿ ಹೇಳಿದೆ. ಗೋಡೆಗೆ ಪೈಂಟ್ ಹೊಡೆಸ್ತೀವಿ ಅಂದರು.

ಇನ್ನೊಂದು ಕಡೆ ಬಟ್ಟೆ ಅಂಗಡಿ ಡೊಮೈನ್ ಅಂಗಡಿಯವರ ಹೆಸರಲ್ಲೇ ಇಲ್ಲ, ಮಾಡಿಕೊಟ್ಟ ಹುಡುಗನ ಅಕೌಂಟಲ್ಲಿದೆ. ಅವನು ಈಗ ಬೆಂಗಳೂರಲ್ಲಿ ಕೆಲಸಕ್ಕೆ ಸೇರಿಕೊಂಡು ಫೋನ್ ಎತ್ತಲ್ಲ. ಅಂಗಡಿ ಲೈಸೆನ್ಸ್, ಜಿಎಸ್‌ಟಿ, ಬೋರ್ಡ್ ಎಲ್ಲಾ ನಿಮ್ಮ ಹೆಸರಲ್ಲಿ, ಇಂಟರ್‌ನೆಟ್ಟಿನ ಬೋರ್ಡ್ ಮಾತ್ರ ಬೇರೆಯವರ ಹೆಸರಲ್ಲಿ! ಯಾವ ಟೂಲೂ ಇದನ್ನ ಸರಿಮಾಡಲ್ಲ. ನೀವೇ ಕೇಳಿ ನಿಮ್ಮ ಇ-ಮೇಲ್, ನಿಮ್ಮ ಫೋನ್ ನಂಬರಿಗೆ ಅಕೌಂಟ್ ವರ್ಗಾವಣೆ ಮಾಡಿಸ್ಕೋಬೇಕು. ಇವತ್ತೇ ಕೇಳಿ, ಹುಡುಗ ಇನ್ನೂ ಊರಲ್ಲಿರುವಾಗಲೇ.

ಪರೀಕ್ಷೆ ಮಾಡೋದು ತಪ್ಪಾ?

ಇದನ್ನ ಓದಿ ಕಾಲೇಜು ಹುಡುಗರು ಹುರುಪಿಗೆ ಬಿದ್ದು ಸಿಕ್ಕಸಿಕ್ಕ ಸೈಟಿಗೆ ಕೈ ಹಾಕಬಾರದು, ಅದಕ್ಕೆ ಹೇಳ್ತೀನಿ. ನಾನು ಹೇಳ್ತಿರೋ ಟೂಲ್‌ಗಳು ನೋಡೋದು ಬೀದಿಯಿಂದ ಯಾರಿಗಾದರೂ ಕಾಣೋದನ್ನ ಮಾತ್ರ: ಸರ್ಟಿಫಿಕೇಟಿನ ತಾರೀಕು, ಡೊಮೈನಿನ ಬಹಿರಂಗ ದಾಖಲೆ. ಶಟರ್‌ಗೆ ಬೀಗ ಇದೆಯಾ ಅಂತ ದೂರದಿಂದ ನೋಡಿದ ಹಾಗೆ. ಪಾಸ್‌ವರ್ಡ್ ಊಹೆ ಮಾಡೋದು, ಫಾರಂನಲ್ಲಿ ಏನೇನೋ ತುಂಬಿ ಒಳಗೆ ನುಗ್ಗೋಕೆ ನೋಡೋದು ಬೇರೆ. ಅದು ಬೀಗಕ್ಕೆ ಕಂಬಿ ಹಾಕಿದ ಹಾಗೆ. ಮಾಲೀಕರ ಒಪ್ಪಿಗೆ ಇಲ್ಲದೇ ಮಾಡಿದರೆ 2000ದ ಐಟಿ ಕಾಯ್ದೆಯ 43 ಮತ್ತು 66ನೇ ಸೆಕ್ಷನ್‌ಗೆ ಸಿಕ್ಕಿಹಾಕ್ಕೋತೀರಿ. "ಒಳ್ಳೇದಕ್ಕೆ ಮಾಡಿದೆ ಸಾರ್" ಅಂದ್ರೆ ಸ್ಟೇಷನ್‌ನಲ್ಲಿ ಕೇಳಲ್ಲ.

ಅಂಗಡಿಯವರು ತಮ್ಮ ಒಂದು ಸೈಟ್ ನೋಡ್ಕೊಳ್ಳೋಕೆ ಇಂಟರ್‌ನೆಟ್ ಡಾಟ್ ಎನ್‌ಎಲ್‌ನಲ್ಲಿ ಡೊಮೈನ್ ಹೆಸರು ಹೊಡೆದರೆ ಸಾಕು. ಅಲ್ಲಿ ಸೈಟಿಗೆ ಒಂದು, ಮೇಲ್‌ಗೆ ಒಂದು ಅಂತ ಎರಡು ಪರೀಕ್ಷೆ ಇದೆ, ಎರಡೂ ಮಾಡಿ. ಅಂಕ ಕಡಿಮೆ ಬಂತು ಅಂತ ಗಾಬರಿ ಬೇಡ. ಐಪಿವಿ6, ಡಿಎನ್‌ಎಸ್‌ಸೆಕ್ ಅನ್ನೋ ಎರಡು ವಿಷಯಕ್ಕೆ ಅಂಕ ಹೋಗಿರುತ್ತೆ. ಕಡಿಮೆ ದರದ ಹೋಸ್ಟಿಂಗ್‌ನಲ್ಲಿ ಅವು ಬಹಳ ಸಲ ಸಿಗಲ್ಲ, ನಿಮ್ಮ ಅಂಗಡಿಗೆ ಇವತ್ತೇ ತುರ್ತು ಅಂತ ಏನಿಲ್ಲ. ಎಚ್‌ಟಿಟಿಪಿಎಸ್ ಮತ್ತು ಡಿಮಾರ್ಕ್ ಕೆಂಪಿದ್ದರೆ ಮಾತ್ರ ಕೂಡಲೇ ಡಿಸೈನರ್‌ಗೆ ಫೋನ್ ಮಾಡಿ. ಮೇಲ್ ಬಳಸೋದೇ ಇಲ್ಲ, ಜಿಮೇಲ್ ವಿಳಾಸದಲ್ಲೇ ವ್ಯವಹಾರ ಅನ್ನೋರೂ ಡೊಮೈನ್ ಇದ್ದರೆ ಡಿಮಾರ್ಕ್ ಹಾಕಿಸಿ, ನೀವು ಬಳಸದಿದ್ದರೂ ಕಳ್ಳ ಬಳಸಬಹುದು.

ಸೈಟ್ ಮಾಡಿಕೊಡೋ ಗೆಳೆಯರಿಗೆ: 'ಟೆಸ್ಟ್‌ಎಸ್‌ಎಸ್‌ಎಲ್' ಅನ್ನೋ ಉಚಿತ ಟೂಲ್ ಇದೆ, ಒಂದು ಫೈಲಿನಲ್ಲಿ ಡೊಮೈನ್ ಪಟ್ಟಿ ಬರೆದುಕೊಟ್ಟರೆ ಎಲ್ಲವನ್ನೂ ಸಾಲಾಗಿ ನೋಡುತ್ತೆ. ತಿಂಗಳಿಗೆ ಒಂದು ರಾತ್ರಿ ಹಾಕಿ ಮಲಗಿದರೆ ಬೆಳಗ್ಗೆ ಪಟ್ಟಿ ಸಿದ್ಧ. ಡಿಮಾರ್ಕ್‌ನ ಮೊದಲೇ 'ವಾಪಸ್ ಕಳಿಸಿ'ಗೆ ಹಾಕಬೇಡಿ. ಬಿಲ್ಲಿಂಗ್ ಸಾಫ್ಟ್‌ವೇರ್‌ನಿಂದ ಹೋಗೋ ಮೇಲ್ ಕೂಡ ನಿಂತುಹೋಗುತ್ತೆ. ಮೊದಲು 'ಸುಮ್ಮನೆ ಬಿಡಿ'ಯಲ್ಲಿ ಇಟ್ಟು ಕೆಲವು ವಾರ ವರದಿ ನೋಡಿ, ಆಮೇಲೆ ಬಿಗಿ ಮಾಡಿ. ಈ ಕೆಲಸಕ್ಕೆ ಗಿರಾಕಿ ಹತ್ರ ದುಡ್ಡು ಕೇಳಿ, ಕೇಳೋದು ತಪ್ಪಲ್ಲ. ಅಂಗಡಿಯವರೂ ಕೊಡಿ ಸ್ವಾಮಿ. ಸಿಸಿ ಕ್ಯಾಮೆರಾ ಹುಡುಗನಿಗೆ ಸರ್ವಿಸ್ ಚಾರ್ಜ್ ಕೊಡೋದಿಲ್ವಾ?

ಟೂಲಿಗೆ ಕಾಣದ್ದೂ ಬೇಕಾದಷ್ಟಿದೆ. ಅಪ್‌ಡೇಟ್ ಆಗದ ವರ್ಡ್‌ಪ್ರೆಸ್ ಪ್ಲಗಿನ್, ಕ್ಯಾಶ್ ಕೌಂಟರ್ ಗಾಜಿಗೆ ಅಂಟಿಸಿದ ಪಾಸ್‌ವರ್ಡ್ ಚೀಟಿ, ಬಿಟ್ಟುಹೋದ ಕೆಲಸದ ಹುಡುಗನ ಫೋನಲ್ಲಿ ಇನ್ನೂ ಲಾಗಿನ್ ಆಗಿರೋ ಅಂಗಡಿ ಮೇಲ್, ಇವಕ್ಕೆಲ್ಲಾ ನಿಮ್ಮ ಕಣ್ಣೇ ಬೇಕು. ಮತ್ತೆ ಅಕೌಂಟ್ ನಂಬರ್ ಬದಲಾಗಿದೆ ಅಂತ ಯಾರೇ ಮೇಲ್, ವಾಟ್ಸಪ್ ಕಳಿಸಿದರೂ, ಹಳೇ ನಂಬರಿಗೆ ಫೋನ್ ಮಾಡಿ ದನಿ ಕೇಳದೇ ದುಡ್ಡು ಹಾಕಬೇಡಿ. ಮೇಲ್‌ನಲ್ಲಿ ಕೊಟ್ಟಿರೋ ನಂಬರಿಗಲ್ಲ, ನಿಮ್ಮ ಡೈರಿಯಲ್ಲಿರೋ ನಂಬರಿಗೆ.

ಯಾರ ಸೈಟ್ ಕೆಂಪು ಬಂತು ಅನ್ನೋ ಪಟ್ಟಿ ನನ್ನ ಹತ್ರ ಇದೆ, ಇಲ್ಲಿ ಹಾಕಿಲ್ಲ. ಹಾಕಿದರೆ ಕಳ್ಳರಿಗೆ ವಿಳಾಸ ಕೊಟ್ಟ ಹಾಗಾಗುತ್ತೆ. ಒಬ್ಬೊಬ್ಬರಿಗೂ ಅಂಗಡಿಗೇ ಹೋಗಿ ಹೇಳ್ತಾ ಇದ್ದೀನಿ. ಕೆಲವರು ಕಾಫಿ ಕೊಟ್ಟರು, ಒಬ್ಬರು "ನಿನಗ್ಯಾಕಯ್ಯ ಬೇಕು" ಅಂದರು. ಮುಂದಿನ ತಿಂಗಳು ಅದೇ ಪಟ್ಟಿ ಮತ್ತೆ ಓಡಿಸ್ತೀನಿ. ನಿಮ್ಮ ಸೈಟ್ ಸೇರಿಸಬೇಕು ಅನ್ನೋರು ನಮ್ಮ ಆಫೀಸಿಗೆ ಬಂದು ಬರೆಸಬಹುದು, ಅದಕ್ಕೆ ದುಡ್ಡಿಲ್ಲ.

ಕೊಬ್ಬರಿ ವ್ಯಾಪಾರಿಯ ಡೊಮೈನಿಗೆ ಮೊನ್ನೆ ಡಿಮಾರ್ಕ್ ಹಾಕಿದ್ದಾರೆ, ಸದ್ಯಕ್ಕೆ 'ಸುಮ್ಮನೆ ಬಿಡಿ' ಮಟ್ಟದಲ್ಲಿದೆ. ಅಡ್ವಾನ್ಸಿನ ವಿಷಯದಲ್ಲಿ ಇಬ್ಬರೂ ಅರ್ಧರ್ಧ ನಷ್ಟ ಹೊರೋ ಮಾತುಕತೆ ನಡೀತಿದೆ. ಪಾರ್ಟಿ ಇನ್ನೂ ಒಪ್ಪಿಲ್ಲ. ಈ ವಾರ ಲಾರಿ ಹೋಗಿಲ್ಲ.